ಕಾರ್ಪೆಟ್ ಕೆಳಗಿನ ಒದ್ದೆ: 1967ರ ಒಂದು ಮಸ್ಟ್ಯಾಂಗ್‌ನ ತುಕ್ಕಿನ ಪ್ರಕರಣ

2018ರ ಅಕ್ಟೋಬರಿನಲ್ಲಿ ಮಿಶಿಗನ್‌ನಲ್ಲಿ ನಾನೊಂದು 1967ರ ಫೋರ್ಡ್ ಮಸ್ಟ್ಯಾಂಗ್ ಕೊಂಡೆ. ಎರಡು ಬಾಗಿಲಿನ ಹಾರ್ಡ್‌ಟಾಪ್ (ಮಡಚಲಾಗದ ತಗಡಿನ ಚಾವಣಿಯದು), 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಹೊರಗಿಂದ ನೋಡಿದರೆ ಮದುವೆ ಗಂಡಿನ ಹಾಗಿತ್ತು. ಮಿರಿಮಿರಿ ಕೆಂಪು ಬಣ್ಣ, ಹೊಸ ಬಂಪರ್, ಹೊಸ ಸೀಟ್ ಕವರ್, ಕಾರ್ಪೆಟ್ ಕೂಡ ಹೊಸದು. ಹಳೇ ಕಾರಿನಲ್ಲಿ ಕಾರ್ಪೆಟ್ ಹೊಸದಿದ್ದರೆ ಖುಷಿ ಪಡುವುದಲ್ಲ, ಅನುಮಾನ ಪಡಬೇಕು. ಆಗ ನನಗೆ ಅಷ್ಟು ಬುದ್ಧಿ ಇರಲಿಲ್ಲ.

ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲ ಬಿಟ್ಟು ತುಕ್ಕಿನದ್ದಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ವರ್ಷದಲ್ಲಿ ಜಾಸ್ತಿ ಹೊತ್ತು ತಿಂದದ್ದೂ ಅದೇ, ಜಾಸ್ತಿ ತಪ್ಪು ಮಾಡಿಸಿದ್ದೂ ಅದೇ.

ನಾನು ಇದನ್ನು ಮಸಲ್ ಕಾರ್ (ದೊಡ್ಡ ಎಂಜಿನ್ನಿನ ಜೋರಿನ ಅಮೆರಿಕನ್ ಕಾರು) ಅನ್ನುತ್ತೇನೆ; ಮಸ್ಟ್ಯಾಂಗ್ ಮಸಲ್ ಕಾರೇ ಅಲ್ಲ, ಅದು ಪೋನಿ ಕಾರ್ (ಅದಕ್ಕಿಂತ ಚಿಕ್ಕ, ಸ್ಪೋರ್ಟಿ ಕಾರು) ಅಂತ ಜಗಳಕ್ಕೆ ಬರುವವರಿದ್ದಾರೆ. ಬರಲಿ. 1967ರಲ್ಲೇ ಮೊದಲ ಸಲ ಅದಕ್ಕೆ 390 ಕ್ಯೂಬಿಕ್ ಇಂಚಿನ, 320 ಹಾರ್ಸ್‌ಪವರ್‌ನ ದೊಡ್ಡ ಎಂಜಿನ್ ಸಿಗತೊಡಗಿದ್ದು. ನನ್ನದು ಪಾಪ 200 ಹಾರ್ಸ್‌ಪವರ್‌ನದು. ತುಕ್ಕಿಗೆ ಎರಡೂ ಒಂದೇ, ಬಾಡಿ ಒಂದೇ ತಗಡಿನದು ಅಲ್ವಾ. ಕಾರ್ಖಾನೆಯಲ್ಲಿ ಕೊಟ್ಟ ಕಾರಿನ ನಂಬರ್ 7ಎಫ್01ಸಿ ಅಂತ ಶುರುವಾಗುತ್ತದೆ. 7 ಅಂದರೆ 1967, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 01 ಹಾರ್ಡ್‌ಟಾಪ್, ಸಿ ಅಂದರೆ ಎರಡು ಬ್ಯಾರೆಲ್ ಕಾರ್ಬುರೇಟರ್‌ನ 289. ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಹುಟ್ಟಿದ ಕಾರು. ಅಪರೂಪದ್ದೇನೂ ಅಲ್ಲ, ಆ ಮಾಡೆಲ್ ವರ್ಷದ 4,72,121 ಮಸ್ಟ್ಯಾಂಗ್‌ಗಳಲ್ಲಿ 3,56,271 ಹಾರ್ಡ್‌ಟಾಪ್‌ಗಳೇ. ಅಪರೂಪ ಅಲ್ಲದಿರುವುದರಿಂದ ಒಂದು ಲಾಭ ಇದೆ. ಬಾಡಿಯ ಹೆಚ್ಚುಕಮ್ಮಿ ಎಲ್ಲ ತುಂಡೂ ಇವತ್ತಿಗೂ ಹೊಸದಾಗಿ ಅಚ್ಚು ಹೊಡೆದು ಮಾರುತ್ತಾರೆ.

ಮಿಶಿಗನ್‌ನಲ್ಲಿ ಹಳೇ ಕಾರು ಅಂದ ಕೂಡಲೇ ಎಲ್ಲರೂ ಕೇಳುವುದು ಉಪ್ಪಿನ ಬಗ್ಗೆ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ, ಹಾಗಾಗಿ ಕೊರತೆ ಅನ್ನುವ ಮಾತೇ ಇಲ್ಲ. ನನಗೆ ಮಾರಿದವರು ಈ ಕಾರು ಚಳಿಗಾಲದಲ್ಲಿ ಶೆಡ್ ಬಿಟ್ಟು ಹೊರಗೆ ಬಂದೇ ಇಲ್ಲ ಅಂದರು. ಅದು ನಿಜವೇ ಇರಬೇಕು. ನನ್ನ ಕಾರನ್ನು ತಿಂದದ್ದು ಉಪ್ಪಲ್ಲ, ಮರದ ಎಲೆ.

ಮೊದಲ ರಿಪೇರಿ, ಅಂದರೆ ಮೊದಲ ತಪ್ಪು

2019ರ ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದ ಮಾರನೇ ದಿನ ಡ್ರೈವರ್ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ತಣ್ಣಗೆ ಅನ್ನಿಸಿತು. ಎತ್ತಿ ನೋಡಿದರೆ ಕೆಳಗಿನ ಸೆಣಬಿನ ಪ್ಯಾಡ್ ನೀರು ಕುಡಿದ ಗೋಣಿಚೀಲದ ಹಾಗೆ ತೊಪ್ಪೆಯಾಗಿತ್ತು. ಅದರ ಕೆಳಗೆ ಟಾರು. ಟಾರನ್ನು ಉಳಿಯಿಂದ ಎಬ್ಬಿಸಿದಾಗ ರೊಟ್ಟಿಯಗಲ ತೂತು, ತೂತಿನಿಂದ ಕೆಳಗೆ ಗ್ಯಾರೇಜಿನ ಸಿಮೆಂಟ್ ನೆಲ ಕಾಣುತ್ತಿತ್ತು.

ನಾನು ಎಂಜಿನಿಯರ್ ಅಲ್ವಾ, ತಲೆ ಕೆಡಿಸಿಕೊಳ್ಳಲಿಲ್ಲ. ಕೊಳೆತ ಭಾಗ ಕತ್ತರಿಸಿದೆ, ಹೊಸ ತಗಡು ಕೂರಿಸಿ ವೆಲ್ಡ್ ಮಾಡಿದೆ, ಪ್ರೈಮರ್ ಬಳಿದು, ಸಂದಿ ಮುಚ್ಚುವ ಸೀಲರ್ ಎಳೆದು, ಕಾರ್ಪೆಟ್ ಮತ್ತೆ ಹಾಸಿದೆ. ಎರಡು ವಾರಾಂತ್ಯದ ಕೆಲಸ. ಫೋಟೋ ತೆಗೆದು ಊರಿಗೂ ಕಳಿಸಿದೆ. ಜುಲೈನಲ್ಲಿ ಗುಡುಗು ಮಳೆ ಶುರುವಾಯಿತು. ಆಗಸ್ಟ್‌ನಲ್ಲಿ ಕಾರ್ಪೆಟ್ ಎತ್ತಿದಾಗ ನನ್ನ ವೆಲ್ಡಿಂಗ್ ಸುತ್ತ ಕುಂಕುಮ ಚೆಲ್ಲಿದ ಹಾಗೆ ಹೊಸ ತುಕ್ಕು.

ಆಮೇಲೆ ಗಾಜಿನ ಮೇಲೆ ಅನುಮಾನ ಬಂತು. 1967ರ ಮಸ್ಟ್ಯಾಂಗ್‌ಗಳಲ್ಲಿ ಮುಂದಿನ ಗಾಜು ರಬ್ಬರ್ ಪಟ್ಟಿಯಲ್ಲಿ ಕೂತಿರುತ್ತದೆ, ಅಂಟಿಸಿರುವುದಿಲ್ಲ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಹಾಗಾಗಿ ಅದೇ ಕಳ್ಳ ಅಂತ ತೀರ್ಮಾನ ಮಾಡಿ ಗಾಜು ಬಿಚ್ಚಿಸಿ ಹೊಸ ರಬ್ಬರ್ ಹಾಕಿಸಿದೆ. ಇನ್ನೂರು ಡಾಲರ್ ಚಿಲ್ಲರೆ, ಮೂರು ವಾರ ಹಾಳು. ಮತ್ತೆ ಮಳೆ, ಮತ್ತೆ ಒದ್ದೆ.

ಒಂದು ಬಕೆಟ್ ನೀರು

ಸೆಪ್ಟೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಮನೆಗೆ ಬಂದಿದ್ದ. ಕಾರಿನ ಬಗ್ಗೆ ಅವನಿಗೆ ಆಸಕ್ತಿ ಅಷ್ಟಕ್ಕಷ್ಟೇ. ನನ್ನ ಗೋಳು ಕೇಳಿ, "ಹೆಂಚಿನ ಮನೇಲಿ ಇದ್ದವನು ನೀನು, ಸೋರೋ ಜಾಗದ ಮೇಲೇ ಹೆಂಚು ಒಡೆದಿರುತ್ತಾ? ನೀರು ರೀಪು ಹಿಡಿದು ನಾಲ್ಕು ಮೊಳ ಹರಿದು ಬಂದು ಆಮೇಲೆ ತಾನೇ ಬೀಳೋದು" ಅಂದ. ನನಗೆ ನಾಚಿಕೆಯಾಯಿತು. ಮಳೆಗಾಲದಲ್ಲಿ ಅಪ್ಪ ಅಟ್ಟ ಹತ್ತಿ ಬ್ಯಾಟರಿ ಹಿಡಿದು ಮೇಲಿಂದ ಕೆಳಕ್ಕೆ ನೀರಿನ ಗೆರೆ ಹುಡುಕುತ್ತಿದ್ದುದನ್ನು ನೋಡಿಯೇ ಬೆಳೆದವನು ನಾನು.

ಅವನನ್ನೇ ಡ್ರೈವರ್ ಕಡೆ ಡ್ಯಾಶ್‌ಬೋರ್ಡ್ ಅಡಿಗೆ ತಲೆ ತೂರಿಸಿ ಮಲಗಿಸಿದೆ, ಕೈಗೊಂದು ಟಾರ್ಚ್ ಕೊಟ್ಟೆ. ನಾನು ಹೊರಗಿನಿಂದ ಗಾಜಿನ ಬುಡದ ಜಾಲರಿಗೆ ಚೊಂಬಿನಲ್ಲಿ ನೀರು ಹೊಯ್ಯುತ್ತಾ ಹೋದೆ. ಮೊದಲನೇ ಚೊಂಬು, ಏನಿಲ್ಲ. ಎರಡನೆಯದು, ಏನಿಲ್ಲ. ಮೂರನೆಯದಕ್ಕೆ ಒಳಗಿಂದ ಕೂಗು ಬಂತು: "ಏ ನಿಲ್ಸೋ ಮಾರಾಯ, ಕಣ್ಣಿಗೇ ಬೀಳ್ತಿದೆ!"

ಒಳಗೆ ಏನಿದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಾನೆಟ್ ಮುಗಿದು ಗಾಜು ಶುರುವಾಗುವ ಕಡೆ ಸೀಳು ಸೀಳಾದ ಜಾಲರಿ ಇರುತ್ತದಲ್ಲ, ಅದರ ಕೆಳಗೆ ಕಾರಿನ ಅಡ್ಡಕ್ಕೆ ಒಂದು ತಗಡಿನ ದೋಣಿ ಇದೆ. ಅದಕ್ಕೆ ಕೌಲ್ ಅನ್ನುತ್ತಾರೆ. ಮೇಲಿನ ತಗಡು, ಕೆಳಗಿನ ತಗಡು, ಎರಡನ್ನೂ ಸುತ್ತ ಸ್ಪಾಟ್ ವೆಲ್ಡ್ ಮಾಡಿ, ಅಂದರೆ ಚುಕ್ಕೆ ಚುಕ್ಕೆಯಾಗಿ ಬೆಸೆದು, ಮುಚ್ಚಿದ ಪೆಟ್ಟಿಗೆ. ಜಾಲರಿಯಿಂದ ಗಾಳಿಯೂ ಬರುತ್ತದೆ, ಮಳೆ ನೀರೂ ಬರುತ್ತದೆ. ನೀರು ದೋಣಿಯ ಎರಡು ತುದಿಗೆ ಹರಿದು, ಮಡ್‌ಗಾರ್ಡ್ ಹಿಂದಿನಿಂದ ನೆಲಕ್ಕೆ ಬೀಳಬೇಕು. ಗಾಳಿ ಕಾರಿನೊಳಗೆ ಹೋಗಲು ದೋಣಿಯ ತಳದಲ್ಲಿ ಎಡಕ್ಕೊಂದು, ಬಲಕ್ಕೊಂದು ದುಂಡು ತೂತು. ಆ ತೂತಿಗೆ ನೀರು ಇಳಿಯದಿರಲಿ ಅಂತ ಸುತ್ತ ಒಂದು ಕಾಲರ್ ಎತ್ತರಿಸಿರುತ್ತಾರೆ, ಬಾವಿಗೆ ಕಟ್ಟೆ ಕಟ್ಟಿದ ಹಾಗೆ. ಎಡಗಡೆಯದು ಡ್ರೈವರ್ ಕಾಲ ಹತ್ತಿರದ ಗಾಳಿಕಿಂಡಿಗೆ, ಬಲಗಡೆಯದು ಹೀಟರ್‌ಗೆ.

ಉಪಾಯ ಚೆನ್ನಾಗಿಯೇ ಇದೆ, ಎಲೆ ಬೀಳದಿದ್ದರೆ. ಮರದ ಕೆಳಗೆ ನಿಲ್ಲಿಸಿದ ಕಾರಿಗೆ ಐವತ್ತು ವರ್ಷ ಎಲೆ, ಹೂವು, ಪೈನ್ ಮರದ ಸೂಜಿ ಬಿದ್ದು, ಕೊಳೆತು, ಗೊಬ್ಬರವಾಗಿ ಆ ಕಟ್ಟೆಯ ಸುತ್ತ ಕೂರುತ್ತದೆ. ಮಳೆ ನಿಂತು ವಾರವಾದರೂ ಗೊಬ್ಬರ ಒಣಗುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ಒಳಮೈಗೆ ಆ ಕಾಲದಲ್ಲಿ ಬಣ್ಣ ಸರಿಯಾಗಿ ತಲುಪುತ್ತಲೂ ಇರಲಿಲ್ಲ. ಬರೀ ತಗಡು, ಸದಾ ಒದ್ದೆ ಮಣ್ಣು, ಬೇಕಾದಷ್ಟು ಗಾಳಿ. ಕಟ್ಟೆಯ ಬುಡ ಮೊದಲು ಹೋಗುತ್ತದೆ. ಅಲ್ಲಿಂದ ನೀರು ಫೈರ್‌ವಾಲ್‌ನ (ಎಂಜಿನ್ನಿಗೂ ಕಾರಿನೊಳಗಿಗೂ ನಡುವಿನ ತಗಡಿನ ಗೋಡೆ) ಒಳಮೈ ಹಿಡಿದು ಇಳಿದು ಸೀದಾ ಕಾರ್ಪೆಟ್ ಕೆಳಗೆ ಸೇರುತ್ತದೆ. ಮೊದಲ ತಲೆಮಾರಿನ ಮಸ್ಟ್ಯಾಂಗ್ ಇಟ್ಟುಕೊಂಡವರಿಗೆಲ್ಲ ಇದು ಹಳೇ ಕಾಯಿಲೆ. ನನಗೆ ಮಾತ್ರ ಹೊಸದು.

ಅಗ್ಗದ ದಾರಿ, ದುಬಾರಿ ದಾರಿ

ಅಗ್ಗದ ದಾರಿ ಒಂದಿದೆ. ಪ್ಲಾಸ್ಟಿಕ್ ಕಾಲರ್ ಸಿಗುತ್ತದೆ, ಕೆಳಗಿಂದ ಕೈ ತೂರಿಸಿ ಹಳೆ ತೂತಿನ ಮೇಲೆ ಅಂಟಿಸಿಬಿಟ್ಟರೆ ಸೋರುವುದು ನಿಲ್ಲುತ್ತದೆ, ಆಗ ಐವತ್ತು ಅರವತ್ತು ಡಾಲರ್‌ನಲ್ಲಿ ಮುಗಿಯುತ್ತಿತ್ತು. ದುಬಾರಿ ದಾರಿ ಅಂದರೆ ಬಾನೆಟ್, ಎರಡು ಮಡ್‌ಗಾರ್ಡ್, ಗಾಜು, ವೈಪರ್, ಡ್ಯಾಶ್, ಹೀಟರ್ ಎಲ್ಲ ಬಿಚ್ಚಿ, ಕೌಲ್‌ನ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು, ಮೇಲಿನ ತಗಡನ್ನು ಇಡಿಯಾಗಿ ಎಬ್ಬಿಸುವುದು.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಜೀವನವೆಲ್ಲ ಬಾಡಿ ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ನಾವು ಅವರನ್ನು ಅಜ್ಜ ಅಂತಲೇ ಕರೆಯುವುದು, ಅವರಿಗದು ಗೊತ್ತಿಲ್ಲ. ಅವರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: ವರ್ಷಕ್ಕೆ ನಾಲ್ಕು ಸಲ ಬಿಸಿಲಲ್ಲಿ ಓಡಿಸುವುದಾದರೆ ಪ್ಲಾಸ್ಟಿಕ್ ಅಂಟಿಸಿ ಸುಮ್ಮನಿರು, ಮಳೆಯಲ್ಲಿ ಓಡಿಸುವುದಾದರೆ ತೆಗೆ. ಆ ಪ್ಲಾಸ್ಟಿಕ್ ಅಂಟುವುದು ತುಕ್ಕಿನ ಮೇಲೆ, ತುಕ್ಕು ಪುಡಿಯಾದ ದಿನ ಅಂಟೂ ಕಳಚುತ್ತದೆ. ನನಗೆ ಈಗಲೂ ಅವರ ಮಾತು ಸರಿ ಅನ್ನಿಸುತ್ತದೆ. ಎಲ್ಲರೂ ಕೌಲ್ ಬಿಚ್ಚಲೇಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಕೌಲ್ ಸೋರುತ್ತಿರುವಾಗ ನೆಲದ ತಗಡು ಬದಲಿಸುವುದು ದುಡ್ಡು ಚರಂಡಿಗೆ ಹಾಕಿದ ಹಾಗೆ, ಅದನ್ನು ಮಾತ್ರ ಅನುಭವದಿಂದಲೇ ಹೇಳುತ್ತೇನೆ.

ತೀರ್ಮಾನ ಆಗಲು ನಾಲ್ಕೈದು ತಿಂಗಳು ಹಿಡಿಯಿತು. 2020ರ ಮಾರ್ಚ್‌ನಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಗ್ಯಾರೇಜ್ ಬಾಗಿಲು ಎಳೆದುಕೊಂಡು ಬಿಚ್ಚಲು ಶುರು ಮಾಡಿದೆ.

ಬಿಚ್ಚಿದ ಮೇಲೆ ಕಂಡದ್ದು

ಮೊದಲು ಸೀಟು, ಕಾರ್ಪೆಟ್, ಟಾರು. ಟಾರು ಎಬ್ಬಿಸಲು ಡ್ರೈ ಐಸ್ ಒಳ್ಳೇದು. ಟಾರಿನ ಮೇಲೆ ಹತ್ತು ನಿಮಿಷ ಹರಡಿದರೆ ಬಿಸ್ಕತ್ತಿನ ಹಾಗೆ ಗಟ್ಟಿಯಾಗುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತುಂಡು ತುಂಡಾಗಿ ಏಳುತ್ತದೆ. ಗ್ಯಾರೇಜ್ ಬಾಗಿಲು ತೆರೆದಿರಬೇಕು, ಅದರಿಂದ ಏಳುವುದು ಕಾರ್ಬನ್ ಡೈ ಆಕ್ಸೈಡ್, ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುತ್ತದೆ.

ಟಾರಿನ ಕೆಳಗೆ ಫೈಬರ್‌ಗ್ಲಾಸ್. ಅದರ ಕೆಳಗೆ ಹೊಸದರ ಹಾಗೆ ಕಾಣುವ ಫ್ಲೋರ್ ಪ್ಯಾನ್, ಅಂದರೆ ನೆಲದ ತಗಡು. ಅದರ ಕೆಳಗೆ ಹಳೆಯ ಫ್ಲೋರ್ ಪ್ಯಾನ್! ಹಿಂದೆ ಯಾರೋ ಕೊಳೆತ ನೆಲವನ್ನು ಕತ್ತರಿಸದೆ ಅದರ ಮೇಲೇ ಹೊಸ ತಗಡು ಹಾಸಿ, ಸುತ್ತ ಪಾಪ್ ರಿವೆಟ್ ಹೊಡೆದು, ಟಾರು ಬಳಿದುಬಿಟ್ಟಿದ್ದರು. ಎರಡು ತಗಡಿನ ನಡುವೆ ನೀರು ನಿಂತು ಎರಡೂ ಕಡೆ ತಿಂದಿತ್ತು. ಸುತ್ತಿಗೆಯ ಹಿಡಿಯಿಂದ ಬಡಿದರೆ ಒಳ್ಳೆ ತಗಡು ಠಣ್ ಅನ್ನುತ್ತದೆ, ಹೋದದ್ದು ದಬ್ ಅನ್ನುತ್ತದೆ. ನನ್ನ ಕಾರಿನ ನೆಲ ಮುಂದಿನಿಂದ ಸೀಟಿನವರೆಗೂ ದಬ್ ದಬ್.

ಸೀಟಿನ ಕೆಳಗೆ ಒಂದು ಕಡೆ ಕಾರಿನ ಹುಟ್ಟುಬಣ್ಣ ಸಿಕ್ಕಿತು. ಕೆಂಪಲ್ಲ, ಕಡುನೀಲಿ. ಬಾಗಿಲಿನ ಪ್ಲೇಟಿನಲ್ಲಿ ಬಣ್ಣದ ಅಕ್ಷರ ಕೆ ಅಂತಲೇ ಇತ್ತು, ಅಂದರೆ ನೈಟ್‌ಮಿಸ್ಟ್ ಬ್ಲೂ. ಅವತ್ತೇ ನಿರ್ಧಾರವಾಯಿತು, ಮತ್ತೆ ನೀಲಿಯೇ ಅಂತ.

ಆಮೇಲೆ ರಾಕರ್, ಅಂದರೆ ಬಾಗಿಲ ಕೆಳಗಿನ ಉದ್ದನೆ ಪೆಟ್ಟಿಗೆ. ಸಣ್ಣ ಕ್ಯಾಮೆರಾ ತೂರಿಸಿ ನೋಡಿದರೆ ಒಳಗೆ ಹಳದಿ ಸ್ಪಂಜು. ಗೋಡೆ ಬಿರುಕಿಗೆ ತುಂಬುವ ಫೋಮ್ ಅನ್ನು ಯಾರೋ ರಾಕರ್ ಒಳಗೆ ಸುರಿದಿದ್ದಾರೆ, ಮೇಲೆ ಪುಟ್ಟಿ ನಿಲ್ಲಲಿ ಅಂತ. ಫೋಮ್ ನೀರು ಹಿಡಿದಿಟ್ಟುಕೊಂಡು ಒಳಗಿಂದ ತಿಂದಿದೆ, ತಳದ ತೂತುಗಳನ್ನು ಟಾರು ಮುಚ್ಚಿದೆ. ಇಂಥ ಕೆಲಸ ಮಾಡಿದವರು ಯಾರಂತ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕೌಲ್‌ಗೆ ಬಂದಾಗ ಮೇ ತಿಂಗಳು. ಕೊರೆಯುವ ಮೊದಲು ಅಜ್ಜ ಒಂದು ಕೆಲಸ ಮಾಡಿಸಿದರು. ಒಂದು ಇಂಚಿನ ಚೌಕ ಪೈಪು ತಂದು ಎರಡೂ ಬಾಗಿಲಿನ ಜಾಗಕ್ಕೆ ಅಡ್ಡಕ್ಕೂ ಓರೆಯಾಗಿಯೂ ವೆಲ್ಡ್ ಮಾಡಿಸಿದರು, ಎಡ ಬಲ ಕಂಬಗಳ ನಡುವೆಯೂ ಒಂದು. ಈ ಕಾರಿಗೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ನೆಲ ಕತ್ತರಿಸಿದ ಮೇಲೆ ಬಾಡಿ ಎರಡು ಮಿಲಿಮೀಟರ್ ಕುಸಿದರೂ ಬಾಗಿಲು ಮತ್ತೆ ಕೂರುವುದಿಲ್ಲ. ಬಾಗಿಲ ಸಂದಿನ ಅಳತೆಗಳನ್ನು ಮಾಸ್ಕಿಂಗ್ ಟೇಪ್ ಮೇಲೆ ಬರೆದು ಕಾರಿಗೇ ಅಂಟಿಸಿದೆವು. ಪುಸ್ತಕದಲ್ಲಿ ಬರೆದದ್ದು ಕಳೆದುಹೋಗುತ್ತದೆ ಅಂತ ಅವರ ವಾದ.

ಸ್ಪಾಟ್ ವೆಲ್ಡ್ ಕಟ್ಟರ್ ಅಂತ ಒಂದು ಡ್ರಿಲ್ ಬಿಟ್ ಬರುತ್ತದೆ, ಸಣ್ಣ ಕಿರೀಟದ ಹಾಗಿರುತ್ತದೆ. ಮೇಲಿನ ತಗಡನ್ನಷ್ಟೇ ದುಂಡಗೆ ಕೊರೆದು ಕೆಳಗಿನದನ್ನು ಉಳಿಸಬೇಕು. ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಗಾಜು ಕೂರುವ ಅಂಚು ಕೂಡ ಇದೇ ತಗಡಿನದ್ದು, ಆದ್ದರಿಂದ ಹೋದ ವರ್ಷ ಹಾಕಿಸಿದ್ದ ಹೊಸ ರಬ್ಬರ್ ಗಾಜಿನ ಸಮೇತ ಮತ್ತೆ ಹೊರಗೆ. ಮೂರನೇ ದಿನ ಸಂಜೆ ಅಂಚಿಗೆ ತೆಳು ಉಳಿ ಕೊಟ್ಟು ಎತ್ತಿದಾಗ ಹಪ್ಪಳ ಮುರಿದ ಸದ್ದು ಮಾಡುತ್ತಾ ತಗಡು ಎದ್ದಿತು.

ಒಳಗೆ ಕಪ್ಪು ಮಣ್ಣು. ಓಕ್ ಮರದ ಕಾಯಿಯ ಸಿಪ್ಪೆ, ಪೈನ್ ಸೂಜಿ, ಹೀಟರ್ ಕಡೆ ಸೀಟಿನ ಹತ್ತಿ ಕದ್ದು ಕಟ್ಟಿದ ಇಲಿಗೂಡು. ಮಣ್ಣಿನಲ್ಲಿ ಬೆರಳು ಆಡಿಸಿದರೆ ತಣ್ಣಗಿತ್ತು, ಕಾರು ಮಳೆ ಕಂಡು ಎಂಟು ತಿಂಗಳಾಗಿದ್ದರೂ! ಗ್ಯಾರೇಜಿನ ತೇವವೇ ಅದಕ್ಕೆ ಸಾಕಾಗಿತ್ತು ಅಂತ ಕಾಣುತ್ತದೆ. ಎಡಗಡೆಯ ಕಟ್ಟೆ ಇರಲೇ ಇಲ್ಲ. ಇರಬೇಕಾದ ಕಡೆ ಹಲ್ಲು ಹಲ್ಲಾದ ಒಂದು ಬಳೆ, ಮುಟ್ಟಿದರೆ ಪದರ ಪದರವಾಗಿ ಉದುರುತ್ತಿತ್ತು. ಬಲಗಡೆಯದು ನಿಂತಿತ್ತು, ಬುಡದಲ್ಲಿ ಮಾತ್ರ ಜರಡಿ.

ಆ ಪದರಗಳನ್ನು ಸ್ವಲ್ಪ ನೋಡಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಬಯಲಲ್ಲಾದರೆ ಉಬ್ಬಿ ಉದುರುತ್ತದೆ, ಆದರೆ ಎರಡು ತಗಡು ಒತ್ತಿ ಕೂತ ಜೋಡಣೆಯಲ್ಲಿ ಉಬ್ಬಲು ಜಾಗವಿಲ್ಲ, ಅದಕ್ಕೆ ತಗಡುಗಳನ್ನೇ ತಳ್ಳುತ್ತದೆ. ಸ್ಪಾಟ್ ವೆಲ್ಡ್‌ಗಳ ನಡುವೆ ತಗಡು ಅಲೆ ಅಲೆಯಾಗಿ ಉಬ್ಬಿದ್ದು ಕಂಡರೆ ಒಳಗೆ ಇದೇ ನಡೆಯುತ್ತಿದೆ ಅಂತ ಲೆಕ್ಕ. ಸಂದಿಯ ಒಳಗೆ ಗಾಳಿ ಕಮ್ಮಿ, ಹೊರಗೆ ಜಾಸ್ತಿ. ಈ ವ್ಯತ್ಯಾಸದಿಂದಲೇ ಒಂದು ಸಣ್ಣ ಬ್ಯಾಟರಿ ಆದ ಹಾಗಾಗಿ ಗಾಳಿ ಕಮ್ಮಿ ಇರುವ ಒಳಭಾಗ ಬೇಗ ಕರಗುತ್ತದೆ. ಹೊರಗೆ ಚೆನ್ನಾಗಿ ಬಣ್ಣ ಹೊಡೆದ ಕಾರು ಒಳಗಿಂದ ಸಾಯುವುದು ಹೀಗೆ. ಮರಳು ಹೊಡೆದು ಸ್ವಚ್ಛ ಮಾಡಿಸಿದರೂ, ತುಕ್ಕು ಕಪ್ಪು ಮಾಡುವ ಆಸಿಡ್ ಬಳಿದರೂ ಆ ಸಂದಿಯೊಳಗೆ ಹೋಗುವುದಿಲ್ಲ. ಬಿಚ್ಚದೆ ದಾರಿಯಿಲ್ಲ. ಆಸಿಡ್ ಬಳಿದು ಸರಿಯಾಗಿ ತೊಳೆಯದಿದ್ದರೆ ಮೇಲಿನ ಎಪಾಕ್ಸಿ ಪ್ರೈಮರ್ ಕೂಡ ಹಿಡಿಯುವುದಿಲ್ಲ, ಅದು ಇನ್ನೊಂದು ತಲೆನೋವು.

ವೆಲ್ಡಿಂಗ್

ಮಸ್ಟ್ಯಾಂಗ್‌ನಲ್ಲಿ ಡಿಕ್ಕಿಯ ನೆಲದಲ್ಲೇ ಪೆಟ್ರೋಲ್ ಟ್ಯಾಂಕ್ ಕೂತಿರುತ್ತದೆ, ಟ್ಯಾಂಕಿನ ತಲೆಯೇ ಡಿಕ್ಕಿಯ ನೆಲದ ಒಂದು ಭಾಗ. ಆದ್ದರಿಂದ ವೆಲ್ಡಿಂಗ್ ಕೆಲಸಕ್ಕೆ ಕೈ ಹಾಕುವ ಮೊದಲು ಟ್ಯಾಂಕ್ ಬಿಚ್ಚಿ ಮನೆಯಿಂದಾಚೆ ಇಡಬೇಕು, ಬ್ಯಾಟರಿ ತಂತಿ ಕಳಚಬೇಕು. ಇಷ್ಟೆಲ್ಲ ಮಾಡಿಯೂ ಒಂದು ಮಧ್ಯಾಹ್ನ ಹೊಗೆ ಎದ್ದಿತು. ನಾನು ಒಳಗಿನಿಂದ ವೆಲ್ಡ್ ಮಾಡುತ್ತಿದ್ದರೆ ತಗಡಿನ ಹೊರಮೈಯಲ್ಲಿ ಉಳಿದಿದ್ದ ಅಂಗೈಯಗಲ ಟಾರು ಹೊತ್ತಿಕೊಂಡಿತ್ತು. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ ಬಕೆಟ್ ತಂದಳು. ಫೈರ್ ಎಕ್ಸ್‌ಟಿಂಗ್ವಿಷರ್ ಇತ್ತು, ಕಾರಿನ ಆಚೆ ಬದಿಯಲ್ಲಿ. ಅವತ್ತಿನಿಂದ ಅದು ನನ್ನ ಮೊಣಕಾಲ ಹತ್ತಿರ.

ಈ ತಗಡು ಒಂದು ಮಿಲಿಮೀಟರ್ ಆಸುಪಾಸು. ಮಿಗ್ ವೆಲ್ಡರ್‌ನಲ್ಲಿ (ತಂತಿ ತಾನೇ ಹೊರಬಂದು ಕರಗುವ ಯಂತ್ರ) 0.6 ಮಿಲಿಮೀಟರ್ ತಂತಿ, ವೆಲ್ಡ್‌ಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್ 75 ಭಾಗ ಆರ್ಗಾನ್, 25 ಭಾಗ ಕಾರ್ಬನ್ ಡೈ ಆಕ್ಸೈಡ್. ಗೆರೆ ಎಳೆದ ಹಾಗೆ ಒಂದೇ ಸಮ ವೆಲ್ಡ್ ಮಾಡಿದರೆ ತಗಡು ಚಪಾತಿಯ ಹಾಗೆ ಉಬ್ಬಿಬಿಡುತ್ತದೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಗೇಣು ದೂರದಲ್ಲಿ, ಕೈಯಿಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ನಡುವೆ ಮತ್ತೊಂದು. ಬಲಗಡೆ ನೆಲದಲ್ಲಿ ನಾನು ಅವಸರ ಮಾಡಿದೆ. ಸಂಜೆಗೆ ಒತ್ತಿದರೆ ಎಣ್ಣೆ ಡಬ್ಬದ ತಳದ ಹಾಗೆ ಟೊಕ್ ಟೊಕ್ ಅನ್ನುತ್ತಿತ್ತು. ಅರ್ಧ ಮೀಟರ್ ಕತ್ತರಿಸಿ ತೆಗೆದು ಮತ್ತೆ ಕೂರಿಸಿದೆ.

ಕೌಲ್‌ನ ಕೆಳ ತಗಡು ಪೂರ್ತಿ ಹೊಸದು ತಂದೆ. ಮೇಲಿನದು ಅಲ್ಲಲ್ಲಿ ತೇಪೆ ಹಾಕಿ ಉಳಿಸಿಕೊಂಡೆ, ಯಾಕೆಂದರೆ ಹಳೇದರ ಅಂಚುಗಳು ಈ ಕಾರಿಗೆ ಸರಿಯಾಗಿ ಕೂತಿದ್ದವು. ಹೊಸ ತಗಡು ತಂದ ತಕ್ಷಣ ಕೂರುತ್ತದೆ ಅನ್ನುವ ಭ್ರಮೆ ಬೇಡ. ಎರಡು ಸಂಜೆ ಬರೀ ಇಟ್ಟು, ತೆಗೆದು, ತಿಕ್ಕಿ, ಮತ್ತೆ ಇಟ್ಟು ನೋಡುವುದೇ ಆಯಿತು. ತಗಡಿನ ಮೇಲೆ ತಗಡು ಬರುವ ಕಡೆ ಎರಡಕ್ಕೂ ಸತುವಿನ ಪ್ರೈಮರ್ ಹೊಡೆದು, ಮೇಲಿನದರಲ್ಲಿ 8 ಮಿಲಿಮೀಟರ್ ತೂತು ಮಾಡಿ ಆ ತೂತನ್ನು ವೆಲ್ಡ್‌ನಿಂದ ತುಂಬಿದೆ. ತೂತಿನ ಒಳಗಿನ ಪ್ರೈಮರ್ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಕಿಡಿ ಸಿಡಿದು ವೆಲ್ಡ್ ಗುಳ್ಳೆ ಗುಳ್ಳೆ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬಂದ ಹಾಗಾಗುತ್ತದೆ. ಮುಖವಾಡ ಹಾಕಿಕೊಳ್ಳಿ, ನಾನು ಒಂದು ದಿನ ಹಾಕಿಕೊಳ್ಳದೆ ನೋಡಿದ್ದೇನೆ.

ಕೌಲ್‌ನ ಎರಡು ತಗಡನ್ನೂ ಮುಚ್ಚುವ ಮೊದಲು ಒಳಮೈಗೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಕಟ್ಟೆಗಳ ಬುಡಕ್ಕೆ ಸುತ್ತ ಸೀಮ್ ಸೀಲರ್, ಮೇಲೆ ಕಪ್ಪು ಪೇಂಟ್. ಅಜ್ಜ ಬಂದು ಸೀಲರ್ ಮೇಲೆ ಬೆರಳಾಡಿಸಿ, ತುದಿಯ ಕಡೆಗೆ ಇಳಿಜಾರು ಕಮ್ಮಿಯಾಗಿದೆ, ಸೀಲರ್ ಒಡ್ಡು ಕಟ್ಟಿದ ಹಾಗಾಗಿದೆ ಅಂತ ಕೆರೆಸಿ ಮತ್ತೆ ಹಾಕಿಸಿದರು. ಒಂದು ಚೊಂಬು ನೀರು ಹೊಯ್ದು ನೋಡಿದ ಮೇಲೆಯೇ ಮುಚ್ಚಲು ಬಿಟ್ಟದ್ದು.

ಬ್ಯಾಟರಿ ಕೆಳಗಿನ ಬಲ ಮುಂಭಾಗವೂ ಹೋಗಿತ್ತು, ಆಸಿಡ್ ತೊಟ್ಟಿಕ್ಕಿ ತಗಡು ತಿಂದು ಕೆಳಗಿನ ರೇಲ್‌ನ, ಅಂದರೆ ಬಾಡಿ ಹೊರುವ ಉದ್ದನೆ ತೊಲೆಯ, ನೆತ್ತಿಗೆ ತಲುಪಿತ್ತು. ಅಲ್ಲಿ ದಪ್ಪ ತಗಡಿನ ತುಂಡು ಹಾಕಿದೆ. ಎಡಗಡೆಯ ತಗಡು ಮಾತ್ರ ಮುಟ್ಟಲಿಲ್ಲ. ಕಾರಿನ ನಂಬರ್ ಅಚ್ಚೊತ್ತಿರುವುದು ಅದರ ಮೇಲೇ, ಅದನ್ನು ಕತ್ತರಿಸಿ ಬಿಸಾಡಿದರೆ ಕಾನೂನಿನ ಲೆಕ್ಕದಲ್ಲಿ ಕಾರೇ ಇಲ್ಲ ಅಂದ ಹಾಗೆ.

ಆ ಚಳಿಗಾಲದಲ್ಲಿ ಇನ್ನೊಂದು ಪಾಠ. ಗ್ಯಾರೇಜ್ ಬೆಚ್ಚಗಾಗಲಿ ಅಂತ ಪ್ರೊಪೇನ್ ಹೀಟರ್ ಹಚ್ಚುತ್ತಿದ್ದೆ. ತಿಕ್ಕಿ ಬೆಳ್ಳಿ ಹಾಗೆ ಮಾಡಿಟ್ಟ ತಗಡು ಬೆಳಿಗ್ಗೆ ನೋಡಿದರೆ ಕಂದು ಬಣ್ಣ. ಪ್ರೊಪೇನ್ ಉರಿದರೆ ನೀರಿನ ಆವಿ ಹುಟ್ಟುತ್ತದೆ, ಅದು ತಣ್ಣನೆ ತಗಡಿನ ಮೇಲೆ ಕೂರುತ್ತದೆ. ಶಾಲೆಯಲ್ಲಿ ಓದಿದ್ದೇ, ನೆನಪಾಗಬೇಕಲ್ಲ. ಆಮೇಲೆ ತಿಕ್ಕಿದ ದಿನವೇ ಪ್ರೈಮರ್ ಹೊಡೆಯುವ ನಿಯಮ ಮಾಡಿಕೊಂಡೆ, ಹೊಡೆಯಲು ಆಗದಿದ್ದರೆ ತಿಕ್ಕುವುದೇ ಇಲ್ಲ.

ಲೆಕ್ಕ ಮತ್ತು ಈಗಿನ ಸ್ಥಿತಿ

ತುಕ್ಕಿನ ಕೆಲಸಕ್ಕೆ ಮಾತ್ರ ಬರೆದಿಟ್ಟ ಗಂಟೆ 340. ತಗಡು, ಗ್ಯಾಸ್, ಪ್ರೈಮರ್, ಕಟ್ಟರ್ ಬಿಟ್ ಎಲ್ಲ ಸೇರಿ 4,100 ಡಾಲರ್ ಚಿಲ್ಲರೆ. ಇದರಲ್ಲಿ ಮೊದಲ ವರ್ಷ ಹಾಕಿ ಕಿತ್ತು ಬಿಸಾಡಿದ ನೆಲದ ತೇಪೆ ಸೇರಿಲ್ಲ, ಸೇರಿಸಲು ಮನಸ್ಸು ಬರಲಿಲ್ಲ. ಇದೇ ಕೆಲಸ ಅಂಗಡಿಗೆ ಕೊಟ್ಟಿದ್ದರೆ ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತಿತ್ತು. ವ್ಯವಹಾರವಾಗಿ ನೋಡಿದರೆ ಇದು ಶುದ್ಧ ನಷ್ಟದ ಕೆಲಸ. ಮಾಮೂಲಿ ಹಾರ್ಡ್‌ಟಾಪ್‌ಗೆ ಇಷ್ಟು ಮಾಡುವವರು ನನ್ನ ಥರದ ಹಟದವರು ಮಾತ್ರ.

ಕೊನೆಯಲ್ಲಿ ರಾಕರ್, ರೇಲ್, ಬಾಗಿಲ ಒಳಗೆಲ್ಲ ಉದ್ದ ಕೊಳವೆಯ ತುದಿಯಿಂದ ಸುತ್ತಲೂ ಚಿಮ್ಮುವ ಮೇಣ ಹೊಡೆದೆ. ಮೇಣ ತಳದ ತೂತಿನಿಂದ ತೊಟ್ಟಿಕ್ಕಿದರೆ ಒಳಗೆಲ್ಲ ತಲುಪಿದೆ ಅಂತ ಅರ್ಥ. ತೊಟ್ಟಿಕ್ಕಿದ ಮೇಲೆ ತಂತಿ ಹಾಕಿ ತೂತು ಬಿಡಿಸಬೇಕು, ಮೇಣವೇ ಮುಚ್ಚಿಬಿಟ್ಟರೆ ಹಿಂದಿನವರು ಟಾರು ಬಳಿದದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ನೆಲಕ್ಕೆ ಟಾರು ಹಾಕಲಿಲ್ಲ. ಕಾರ್ಪೆಟ್ ಅಂಟಿಸಲೂ ಇಲ್ಲ, ಸುಮ್ನೆ ಹಾಸಿದ್ದೇನೆ, ಎತ್ತಿದರೆ ಬರಬೇಕು.

2022ರ ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯ ಡ್ರೀಮ್ ಕ್ರೂಸ್‌ಗೆ, ಅಂದರೆ ಹಳೇ ಕಾರುಗಳ ಮೆರವಣಿಗೆಗೆ, ಹೋದೆವು. ತೀರ್ಥಹಳ್ಳಿಯವನು ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಾಲ ಕೆಳಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಪ್ರತಿ ಏಪ್ರಿಲ್‌ನಲ್ಲಿ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಊರಿಂದ ಸಾರಿನಪುಡಿ ಪೊಟ್ಟಣ ಸುತ್ತಿ ಬಂದ ಕನ್ನಡ ಪೇಪರ್‌ಗಳನ್ನು ಕಾರ್ಪೆಟ್ ಕೆಳಗೆ ಎರಡೂ ಕಡೆ ಹಾಸಿ, ಜಾಲರಿಗೆ ಎರಡು ಬಕೆಟ್ ನೀರು ಹೊಯ್ದು, ಒಂದು ಗಂಟೆ ಬಿಟ್ಟು ಪೇಪರ್ ತೆಗೆದು ಬೆಳಕಿಗೆ ಹಿಡಿಯುವುದು. ನೀರು ಬಿದ್ದಿದ್ದರೆ ದುಂಡನೆ ಗುರುತು ಕಾಣುತ್ತದೆ. ಎರಡು ವರ್ಷ ಪೂರ್ತಿ ಒಣಗಿತ್ತು. ಈ ಸಲ ಎಡಗಡೆ ಒಣ, ಬಲಗಡೆಯ ಪೇಪರ್‌ನಲ್ಲಿ ಎಂಟಾಣೆಯಗಲ ಒಂದು ಗುರುತು. ಎದೆ ಧಸಕ್ಕೆಂದಿತು. ಬೆರಳಲ್ಲಿ ತಿಕ್ಕಿದೆ, ಜಿಡ್ಡು ಜಿಡ್ಡು. ಮೂಸಿದೆ, ಸಿಹಿ ವಾಸನೆ. ಮಳೆ ನೀರಲ್ಲ, ಎಂಜಿನ್ ತಣಿಸುವ ಕೂಲಂಟ್. ಹೀಟರ್‌ನ ಪೈಪಿನ ಕ್ಲಿಪ್ ಸಡಿಲವಾಗಿರಬೇಕು, ಶನಿವಾರ ಡ್ಯಾಶ್ ಅಡಿಗೆ ಮತ್ತೆ ತಲೆ ತೂರಿಸಬೇಕು.